ಮುಂಬೈ, ಪುಣೆಯ ದಾಖಲೆಮನೆಗಳಲ್ಲಿ ಕನ್ನಡ ಮುಖಂಡರ ಕಾಗದಗಳು: ಓದುಗನ ಕಡೆಯಿಂದ ಒಂದು ವಿಮರ್ಶೆ

ಮುಂಬೈ ಕರ್ನಾಟಕದ ಮುಖಂಡರ ಬದುಕನ್ನು ಮೂಲ ಕಾಗದಪತ್ರಗಳಿಂದಲೇ ಓದಬೇಕೆಂದು ಹೊರಡುವವರು ಸಾಮಾನ್ಯವಾಗಿ ಧಾರವಾಡದ ರೈಲು ಹತ್ತುತ್ತಾರೆ. ಅಲ್ಲಿ ಆಗುವುದು ಅರ್ಧ ಕೆಲಸ. ಧಾರವಾಡ, ಬೆಳಗಾವಿ, ವಿಜಾಪುರ ಜಿಲ್ಲೆಗಳೂ 1862ರಲ್ಲಿ ಮದ್ರಾಸ್ ಪ್ರಾಂತ್ಯದಿಂದ ಬಂದು ಸೇರಿದ ಉತ್ತರ ಕನ್ನಡವೂ 1956ರ ನವೆಂಬರ್ 1ರವರೆಗೆ ಮುಂಬೈಯ ಆಡಳಿತಕ್ಕೆ ಒಳಪಟ್ಟಿದ್ದವು. ಹೀಗಾಗಿ ಹುಬ್ಬಳ್ಳಿಯ ಒಬ್ಬ ವಕೀಲರು ಶಾಸನಸಭೆಯಲ್ಲಿ ಕೇಳಿದ ಪ್ರಶ್ನೆಯಾಗಲಿ, ಅಂಕೋಲೆಯ ಒಬ್ಬ ಸತ್ಯಾಗ್ರಹಿಯ ಮೇಲೆ ಕಲೆಕ್ಟರರು ಬರೆದ ವರದಿಯಾಗಲಿ, ಬೆಳಗಾವಿಯ ಸಭೆಯೊಂದರ ಟಿಪ್ಪಣಿಯಾಗಲಿ ಕೊನೆಗೆ ಬಂದು ಸೇರುತ್ತಿದ್ದುದು ಮುಂಬೈಗೆ. ಮುಂಬೈಯಲ್ಲೂ ಪುಣೆಯಲ್ಲೂ ಇರುವ ನಾವು ಕನ್ನಡಿಗರು ಈ ಸಂಪತ್ತಿನ ಪಕ್ಕದಲ್ಲೇ ವಾಸವಾಗಿದ್ದರೂ ಅದರ ಬಾಗಿಲು ತಟ್ಟುವವರು ನಮ್ಮಲ್ಲಿ ಕಡಿಮೆ. ಈ ಸೇವೆಗಳು ಸಾಮಾನ್ಯ ಓದುಗನಿಗೆ ಎಷ್ಟು ಒದಗುತ್ತವೆ, ಎಲ್ಲಿ ಕೈಕೊಡುತ್ತವೆ, ಯಾವುದಕ್ಕೆ ಮೊದಲು ಹೋಗಬೇಕು ಎಂಬುದನ್ನು ಬಳಕೆಯ ಅನುಭವದಿಂದ ಇಲ್ಲಿ ಬರೆಯುತ್ತಿದ್ದೇನೆ.

ನನ್ನ ಮುಖ್ಯ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಒಂದು ಸಂಗ್ರಹದ ಗುಣವನ್ನು ಅದರ ಕಟ್ಟಡದಿಂದಾಗಲಿ ಕಡತಗಳ ಸಂಖ್ಯೆಯಿಂದಾಗಲಿ ಅಳೆಯಲು ಬರುವುದಿಲ್ಲ. ಅದನ್ನು ಕೂಡಿಟ್ಟವರು ಯಾರು, ಯಾಕೆ ಕೂಡಿಟ್ಟರು ಎಂದು ಕೇಳಬೇಕು. ಸರ್ಕಾರ ತಾನು ಅನುಮಾನಿಸಿದ್ದನ್ನು ಕೂಡಿಟ್ಟಿದೆ. ಶಾಸನಸಭೆ ನಿಯಮದ ಪ್ರಕಾರ ಕೂಡಿಟ್ಟಿದೆ. ಮನೆಯವರೂ ಅಭಿಮಾನಿಗಳೂ ತಮಗೆ ಹೆಮ್ಮೆ ತರುವುದನ್ನು ಕೂಡಿಟ್ಟಿದ್ದಾರೆ. ಒಬ್ಬನೇ ಮನುಷ್ಯ ಈ ಮೂರು ಕಡೆ ಮೂರು ರೀತಿಯಲ್ಲಿ ಕಾಣುತ್ತಾನೆ, ಮತ್ತು ಮುಂಬೈ ಪ್ರಾಂತ್ಯದ ಕನ್ನಡ ಮುಖಂಡರ ವಿಷಯದಲ್ಲಿ ಮೊದಲ ಎರಡು ಸಮೃದ್ಧವಾಗಿವೆ, ಮೂರನೆಯದು ಬಹಳ ಬಡವಾಗಿದೆ.

ಮೊದಲು ಹೋಗಬೇಕಾದದ್ದು ಮಹಾರಾಷ್ಟ್ರ ರಾಜ್ಯ ಪತ್ರಾಗಾರ. ಇದು ದಕ್ಷಿಣ ಮುಂಬೈಯ ಕಾಲಾ ಘೋಡಾದಲ್ಲಿ, ಜಹಾಂಗೀರ್ ಕಲಾ ಗ್ಯಾಲರಿಯ ಎದುರಿಗೆ, ಎಲ್ಫಿನ್‌ಸ್ಟನ್ ಕಾಲೇಜಿನ ಕಲ್ಲಿನ ಕಟ್ಟಡದಲ್ಲಿದೆ. ಚರ್ಚ್‌ಗೇಟಿನಿಂದಲೂ ಸಿಎಸ್‌ಎಂಟಿಯಿಂದಲೂ ನಡೆದು ಹೋಗಬಹುದಾದಷ್ಟು ಹತ್ತಿರ. ದಾಖಲೆ ಕಚೇರಿಯಾಗಿ ಇದು ಆರಂಭವಾದದ್ದು 1821ರಲ್ಲಿ, ಮೌಂಟ್‌ಸ್ಟುವರ್ಟ್ ಎಲ್ಫಿನ್‌ಸ್ಟನ್ ಗವರ್ನರ್ ಆಗಿದ್ದ ಕಾಲದಲ್ಲಿ. ಗ್ಯಾಲರಿಗೆ ಬರುವ ಜನ ಈ ಕಟ್ಟಡದ ಮುಂದೆ ನಿಂತು ಚಿತ್ರ ತೆಗೆಸಿಕೊಂಡು ಹೋಗುತ್ತಾರೆ; ಒಳಗೆ ತಮ್ಮ ಊರಿನ ಕಂದಾಯದ ಕಡತ ಇದ್ದೀತೆಂಬ ಯೋಚನೆ ಯಾರಿಗೂ ಬರುವುದಿಲ್ಲ.

ಹೊಸಬರಿಗೆ ಇಲ್ಲಿ ಮೊದಲು ಎದುರಾಗುವ ತೊಡಕು ವಿಂಗಡಣೆಯದು. ಗ್ರಂಥಾಲಯದಲ್ಲಿ ವಿಷಯದಿಂದಲೋ ಲೇಖಕರ ಹೆಸರಿನಿಂದಲೋ ಪುಸ್ತಕ ಕೇಳಿ ರೂಢಿಯಾದವರು ಇಲ್ಲಿಯೂ ‘ಬೆಳಗಾವಿಯ ಸ್ವಾತಂತ್ರ್ಯ ಹೋರಾಟದ ಮುಖಂಡ ಗಂಗಾಧರರಾವ್ ದೇಶಪಾಂಡೆಯವರ ಕಾಗದಗಳು ಬೇಕು’ ಎಂದು ಕೇಳಿದರೆ ಏನೂ ಸಿಗುವುದಿಲ್ಲ. ಕಡತಗಳಿರುವುದು ಅವು ಹುಟ್ಟಿದ ಇಲಾಖೆಯ ಕ್ರಮದಲ್ಲಿ: ರಾಜಕೀಯ, ನ್ಯಾಯ, ಕಂದಾಯ, ಸಾಮಾನ್ಯ, ಶಿಕ್ಷಣ, ಗೃಹ ಎಂದು ಇಲಾಖೆ, ಆಮೇಲೆ ವರ್ಷ, ಆಮೇಲೆ ಸಂಪುಟ ಅಥವಾ ಕಡತದ ಸಂಖ್ಯೆ. ಆದ್ದರಿಂದ ಓದುಗ ಬಾಗಿಲಿಗೆ ಬರುವ ಮೊದಲೇ ತನ್ನ ಪ್ರಶ್ನೆಯನ್ನು ಸರ್ಕಾರದ ಭಾಷೆಗೆ ಹೊಂದಿಸಿಕೊಂಡಿರಬೇಕು. ದೇಶಪಾಂಡೆಯವರ ಮೇಲೆ ಯಾವ ವರ್ಷ ಯಾವ ಕಾರಣಕ್ಕೆ ಸರ್ಕಾರ ಕಣ್ಣಿಟ್ಟಿತ್ತು, ಆ ಕೆಲಸ ಯಾವ ಇಲಾಖೆಗೆ ಸೇರಿತ್ತು ಎಂದು ಗೊತ್ತಿದ್ದರೆ ಸೂಚಿಯಲ್ಲಿ ಎಲ್ಲಿ ಬೆರಳಿಡಬೇಕೆಂಬುದು ತಿಳಿಯುತ್ತದೆ. ಊರುಗಳ ಹೆಸರನ್ನು ಆ ಕಾಲದ ಇಂಗ್ಲಿಷ್ ಕಾಗುಣಿತದಲ್ಲೇ, ಅದೂ ಎರಡು ಮೂರು ರೂಪಗಳಲ್ಲಿ, ಹುಡುಕಬೇಕಾಗುತ್ತದೆ ಎಂಬುದನ್ನೂ ನೆನಪಿಡಬೇಕು.

ಸ್ವಾತಂತ್ರ್ಯ ಚಳವಳಿಯ ಮುಖಂಡರನ್ನು ಹುಡುಕುವವರಿಗೆ ಗೃಹ ಇಲಾಖೆಯ ‘ಸ್ಪೆಷಲ್’ ಶಾಖೆಯ ಕಡತಗಳೇ ಮುಖ್ಯ. 1921ರ ಜುಲೈ 1ರಂದು ಧಾರವಾಡದಲ್ಲಿ ಹೆಂಡದಂಗಡಿಯ ಮುಂದಿನ ಪಿಕೆಟಿಂಗ್ ಗೋಲಿಬಾರಿನಲ್ಲಿ ಮುಗಿದು ಮೂವರು ಸತ್ತರು. 1930ರ ಏಪ್ರಿಲ್ 13ರಂದು ಅಂಕೋಲೆಯಲ್ಲಿ ಉಪ್ಪಿನ ಸತ್ಯಾಗ್ರಹ ನಡೆಯಿತು. ಮುಂದೆ ಅಂಕೋಲೆ, ಸಿದ್ದಾಪುರಗಳಲ್ಲಿ ಕರನಿರಾಕರಣೆ ಬಂತು. ಇಂಥ ಘಟನೆಗಳಲ್ಲಿ ಮುಖಂಡರು ಏನು ಮಾಡಿದರೆಂಬುದು ಕನ್ನಡದ ಚರಿತ್ರೆ ಪುಸ್ತಕಗಳಲ್ಲಿದೆ. ಅದನ್ನು ಕಂಡು ಸರ್ಕಾರ ಒಳಗೊಳಗೆ ಏನು ಮಾತಾಡಿಕೊಂಡಿತು, ಯಾರನ್ನು ಹಿಡಿಯುವುದು ಬೇಡವೆಂದು ತೀರ್ಮಾನಿಸಿತು, ಯಾವ ಅಧಿಕಾರಿ ಇನ್ನೊಬ್ಬನ ಮಾತನ್ನು ಒಪ್ಪಲಿಲ್ಲ ಎಂಬುದನ್ನು ತಿಳಿಯಲು ಗೃಹ ಇಲಾಖೆಯ ಪತ್ರವ್ಯವಹಾರಕ್ಕೇ ಹೋಗಬೇಕು. ಕಡತದ ಅಂಚಿನಲ್ಲಿ ಶಾಯಿಯಿಂದ ಗೀಚಿದ ಎರಡು ಸಾಲಿನ ಷರಾದಿಂದ ಸಿಗುವ ತಿಳುವಳಿಕೆ ಅಚ್ಚಾದ ಹತ್ತು ಪುಟಗಳಿಂದ ಸಿಗುವುದಿಲ್ಲ.

ಭಾಷಣಗಳ ವಿಷಯದಲ್ಲಿ ಈ ಸಂಗ್ರಹದ ಗುಣವನ್ನೂ ಮಿತಿಯನ್ನೂ ಒಟ್ಟಿಗೆ ತೋರಿಸುವ ಉದಾಹರಣೆ 1916ರದು. ಆ ವರ್ಷದ ಏಪ್ರಿಲ್ ಕೊನೆಯಲ್ಲಿ ಬೆಳಗಾವಿಯಲ್ಲಿ ಹೋಮ್ ರೂಲ್ ಲೀಗ್ ಹುಟ್ಟಿತು. ಮೇ 1ರಂದು ಅಲ್ಲಿಯೇ ಬಾಲಗಂಗಾಧರ ತಿಲಕರು ಮರಾಠಿಯಲ್ಲಿ ಭಾಷಣ ಮಾಡಿದರು. ಮೇ 31 ಮತ್ತು ಜೂನ್ 1ರಂದು ಅಹಮದ್‌ನಗರದಲ್ಲಿ ಇನ್ನೆರಡು ಭಾಷಣಗಳಾದವು. ಪೊಲೀಸರ ಶೀಘ್ರಲಿಪಿಕಾರರು ಬರೆದುಕೊಂಡ ಈ ಮೂರು ಭಾಷಣಗಳ ಇಂಗ್ಲಿಷ್ ಅನುವಾದವನ್ನು ಮುಂದಿಟ್ಟುಕೊಂಡು, ಪುಣೆಯ ಮ್ಯಾಜಿಸ್ಟ್ರೇಟರು ಒಂದು ವರ್ಷ ಸನ್ನಡತೆಯಿಂದಿರಲು 20,000 ರೂಪಾಯಿಯ ಮುಚ್ಚಳಿಕೆಯನ್ನೂ ತಲಾ 10,000ದ ಎರಡು ಜಾಮೀನುಗಳನ್ನೂ ಕೇಳಿದರು. ತಿಲಕರ ಪರವಾಗಿ ಮಹಮದ್ ಅಲಿ ಜಿನ್ನಾ ವಾದಿಸಿದರು. ನವೆಂಬರ್ 9ರಂದು ಮುಂಬೈ ಹೈಕೋರ್ಟ್ ಆ ಆದೇಶವನ್ನು ರದ್ದುಪಡಿಸಿತು. ಈ ಮೊಕದ್ದಮೆಯಿಂದಾಗಿ ಬೆಳಗಾವಿಯ ಒಂದು ಸಂಜೆಯ ಮಾತು ಸಾಲುಸಾಲಾಗಿ ಉಳಿದುಕೊಂಡಿತು. ಅದೇ ಕಾಲದಲ್ಲಿ ಅದೇ ಊರಿನಲ್ಲಿ ಕನ್ನಡದಲ್ಲಿ ಮಾತಾಡಿದ ಸಣ್ಣಪುಟ್ಟ ಮುಖಂಡರ ಮೇಲೆ ಮೊಕದ್ದಮೆ ಹೂಡಬೇಕೆಂದು ಸರ್ಕಾರಕ್ಕೆ ಅನ್ನಿಸಲಿಲ್ಲ. ಅವರ ಮಾತುಗಳು ಗಾಳಿಗೆ ಹೋದವು. ಸರ್ಕಾರದ ಸಂಗ್ರಹದಲ್ಲಿ ಒಬ್ಬ ವ್ಯಕ್ತಿಯ ಕಡತ ದಪ್ಪಗಿದೆ ಎಂದರೆ ಅವನಿಗೆ ಸರ್ಕಾರ ಹೆದರಿತ್ತು ಎಂದಷ್ಟೇ ಅರ್ಥ. ಅವನು ದೊಡ್ಡವನಾಗಿದ್ದನೇ ಎಂಬುದನ್ನು ಬೇರೆ ಕಡೆಯಿಂದಲೇ ತಿಳಿಯಬೇಕು.

ಇದಕ್ಕೆ ಸ್ವಲ್ಪ ಮಟ್ಟಿನ ಪರಿಹಾರವೆಂದರೆ ದೇಶಿ ಪತ್ರಿಕೆಗಳ ಮೇಲಿನ ಸಾಪ್ತಾಹಿಕ ವರದಿಗಳು. 1860ರ ದಶಕದ ಕೊನೆಯಿಂದ ಮುಂಬೈ ಸರ್ಕಾರ ಪ್ರಾಂತ್ಯದ ಮರಾಠಿ, ಗುಜರಾತಿ, ಕನ್ನಡ ಪತ್ರಿಕೆಗಳನ್ನು ಓದಿಸಿ, ತನಗೆ ಬೇಕೆನಿಸಿದ ಭಾಗಗಳ ಸಾರವನ್ನು ಇಂಗ್ಲಿಷಿನಲ್ಲಿ ಅಚ್ಚು ಹಾಕಿಸಿ ಅಧಿಕಾರಿಗಳಿಗೆ ಗುಟ್ಟಾಗಿ ಹಂಚುತ್ತಿತ್ತು. ಧಾರವಾಡ, ಬೆಳಗಾವಿಯ ಎಷ್ಟೋ ಹಳೆಯ ವಾರಪತ್ರಿಕೆಗಳ ಮೂಲ ಸಂಚಿಕೆಗಳು ಈಗ ಕೈಗೆ ಸಿಗುವುದು ದುರ್ಲಭ. ಈ ವರದಿಗಳಲ್ಲಿ ಅವುಗಳ ನೆರಳಾದರೂ ಉಳಿದಿದೆ. ಸರ್ಕಾರದ ಕಿವಿಗೆ ಚುಚ್ಚಿದ ಮಾತು ಮಾತ್ರ ಇಲ್ಲಿ ಬರುವುದರಿಂದ ಪತ್ರಿಕೆಯ ಉಳಿದ ಸಂಸಾರ, ಅಂದರೆ ಮಳೆ ಬೆಳೆ, ನಾಟಕ ಕಂಪನಿಯ ಜಾಹೀರಾತು, ಶಾಲೆಯ ಬಹುಮಾನ ವಿತರಣೆ, ಯಾವುದೂ ಕಾಣುವುದಿಲ್ಲ.

ಕಾಲಾ ಘೋಡಾದವರೆಗೆ ಹೋಗಲಾಗದವರು ಅಥವಾ ಹೋಗುವ ಮೊದಲು ಸಿದ್ಧರಾಗಬೇಕೆನ್ನುವವರು ಮುಂಬೈ ಸರ್ಕಾರ ತನ್ನ ದಾಖಲೆಗಳಿಂದ ಆರಿಸಿ 1957ರಿಂದ ಹೊರತಂದ ಸ್ವಾತಂತ್ರ್ಯ ಚಳವಳಿಯ ಆಕರ ಸಂಪುಟಗಳನ್ನು ನೋಡಬೇಕು. ಮೊದಲ ಸಂಪುಟ 1818ರಿಂದ 1885ರವರೆಗಿನದು, ಎರಡನೆಯದು 1885ರಿಂದ 1920ರವರೆಗಿನದು. ಆಯ್ಕೆ ಒಂದಿಷ್ಟು ಮರಾಠಿ ನಾಡಿನ ಕಡೆಗೆ ವಾಲಿದೆ ಎಂಬುದು ನಿಜ. ಆದರೂ ಕಡತದ ಕಾಗದ ಹೇಗೆ ಮಾತಾಡುತ್ತದೆಂಬ ರೂಢಿ ಮಾಡಿಕೊಳ್ಳಲು ಇದಕ್ಕಿಂತ ಒಳ್ಳೆಯ ಪಾಠವಿಲ್ಲ.

ಎರಡನೆಯ ಬಗೆ ಶಾಸನಸಭೆಯ ನಡವಳಿಗಳು, ಅಂದರೆ ಸಭೆಯಲ್ಲಿ ನಡೆದ ಪ್ರಶ್ನೋತ್ತರ, ಚರ್ಚೆಗಳ ವರದಿಗಳು. ನನ್ನ ಲೆಕ್ಕದಲ್ಲಿ ಇಡೀ ವಿಷಯದಲ್ಲಿ ಅತ್ಯಂತ ಕಡಿಮೆ ಬಳಕೆಯಾಗಿರುವ, ಅತ್ಯಂತ ನಂಬಲರ್ಹವಾದ ಆಕರ ಇದೇ. ಹುಬ್ಬಳ್ಳಿಯ ಸರ್ ಸಿದ್ದಪ್ಪ ಕಂಬಳಿಯವರನ್ನೇ ತೆಗೆದುಕೊಳ್ಳಿ. 1924ರಲ್ಲಿ ಬೆಳಗಾವಿಯ ಕಾಂಗ್ರೆಸ್ ಅಧಿವೇಶನದ ಹೊತ್ತಿಗೆ ಅಲ್ಲಿಯೇ ನಡೆದ ಕರ್ನಾಟಕ ಏಕೀಕರಣ ಪರಿಷತ್ತಿಗೆ ಅಧ್ಯಕ್ಷರಾಗಿದ್ದವರು ಅವರು. ಏಕೀಕರಣದ ಕಥೆ ಹೇಳುವವರು ಅವರನ್ನು ಆ ಒಂದು ವೇದಿಕೆಯ ಮೇಲೆ ಕೂಡಿಸಿ ಮುಂದೆ ಹೋಗಿಬಿಡುತ್ತಾರೆ. ಮುಂಬೈ ಲೆಜಿಸ್ಲೇಟಿವ್ ಕೌನ್ಸಿಲಿನ ನಡವಳಿಗಳಲ್ಲಿ ಕಾಣುವ ಕಂಬಳಿಯವರು ಬೇರೆ: ಬ್ರಾಹ್ಮಣೇತರ ಪಕ್ಷದ ರಾಜಕಾರಣಿ, ಕನ್ನಡ ಜಿಲ್ಲೆಗಳ ಶಾಲೆ ಕಾಲೇಜುಗಳ ಬಗ್ಗೆ ಲೆಕ್ಕ ಕೇಳುವ ಸದಸ್ಯ, ಮುಂದೆ 1930ರ ದಶಕದಲ್ಲಿ ಸಚಿವರಾಗಿ ಅಂಥದೇ ಪ್ರಶ್ನೆಗಳಿಗೆ ಉತ್ತರ ಕೊಡಬೇಕಾಗಿ ಬಂದ ಮನುಷ್ಯ. ಪ್ರಶ್ನೆ ಕೇಳುವ ಬೆಂಚಿನಿಂದ ಉತ್ತರ ಕೊಡುವ ಬೆಂಚಿಗೆ ಬಂದಾಗ ಒಬ್ಬರ ಮಾತಿನ ಧಾಟಿ ಹೇಗಾಗುತ್ತದೆ ಎಂಬುದು ಯಾವ ಅಭಿನಂದನ ಗ್ರಂಥದಲ್ಲೂ ಸಿಗುವುದಿಲ್ಲ. 1938ರಲ್ಲಿ ಪ್ರತ್ಯೇಕ ಕರ್ನಾಟಕ ಪ್ರಾಂತ್ಯ ಬೇಕೆಂಬ ನಿರ್ಣಯವನ್ನು ಇದೇ ಮುಂಬೈ ಶಾಸನಸಭೆ ಅಂಗೀಕರಿಸಿತು. ಏಕೀಕರಣದ ಬಗ್ಗೆ ಬರೆಯುವವರು ಆ ಚರ್ಚೆಯ ಸಾರಾಂಶವನ್ನು ಒಬ್ಬರಿಂದ ಒಬ್ಬರು ನಕಲು ಮಾಡಿಕೊಳ್ಳುವುದನ್ನು ಬಿಟ್ಟು ಒಮ್ಮೆ ಮೂಲವನ್ನೇ ಓದಿದರೆ, ಯಾವ ವಾದಕ್ಕೆ ಯಾರು ಹೇಗೆ ಉತ್ತರ ಕೊಟ್ಟರೆಂಬುದು ಸ್ಪಷ್ಟವಾಗುತ್ತದೆ.

ನಡವಳಿಗಳಿಗೂ ಒಂದು ಕೊರತೆಯಿದೆ, ಅದು ಕನ್ನಡಿಗರಿಗೆ ಮುಖ್ಯವಾದದ್ದು. ಸಭೆಯ ವ್ಯವಹಾರವೆಲ್ಲ ಇಂಗ್ಲಿಷಿನಲ್ಲಿ ನಡೆಯಬೇಕೆಂಬುದು ನಿಯಮ. ಇಂಗ್ಲಿಷ್ ಚೆನ್ನಾಗಿ ಬಾರದ ಸದಸ್ಯರು ಪ್ರಾಂತ್ಯದ ಭಾಷೆಯಲ್ಲಿ ಮಾತಾಡಬಹುದೆಂಬುದು ವಿನಾಯಿತಿ. 1919ರ ಮತ್ತು 1935ರ ಭಾರತ ಸರ್ಕಾರ ಕಾಯಿದೆಗಳೆರಡರ ಕಾಲದಲ್ಲೂ ಇದೇ ಪದ್ಧತಿ ಇತ್ತು. ಇದರಿಂದಾಗಿ ಕೃಷಿಕ ಹಿನ್ನೆಲೆಯ, ಹಳ್ಳಿಯಿಂದ ಆರಿಸಿ ಬಂದ ಸದಸ್ಯರಿಗಿಂತ ವಕೀಲಿ ಮಾಡಿದ ಸದಸ್ಯರೇ ಈ ಪುಟಗಳಲ್ಲಿ ಹೆಚ್ಚು ಜಾಗ ಪಡೆದಿದ್ದಾರೆ. ಸಂಪುಟಗಳ ಸೂಚಿಯನ್ನು ನೋಡಿ ಯಾರು ಎಷ್ಟು ಮಾತಾಡಿದರೆಂದು ಲೆಕ್ಕ ಹಾಕುವವರು ಈ ಸಂಗತಿಯನ್ನು ಮರೆಯಬಾರದು.

ಇದೇ ಸಭೆಯಲ್ಲಿ 1927ರಿಂದ ಸದಸ್ಯರಾಗಿದ್ದ ಡಾ. ಬಾಬಾಸಾಹೇಬ ಅಂಬೇಡ್ಕರರ ಭಾಷಣಗಳನ್ನು ಮಾತ್ರ ನಾವು ಇಷ್ಟು ಕಷ್ಟಪಟ್ಟು ಹುಡುಕಬೇಕಾಗಿಲ್ಲ. ಮಹಾರಾಷ್ಟ್ರ ಸರ್ಕಾರದ ಶಿಕ್ಷಣ ಇಲಾಖೆ 1979ರ ಏಪ್ರಿಲ್ 14ರಿಂದ ಅವರ ಬರಹ ಮತ್ತು ಭಾಷಣಗಳನ್ನು ಸಂಪುಟ ಸಂಪುಟವಾಗಿ ತಂದಿತು. ಅದರ ಹಿಂದೆ ದೀರ್ಘಕಾಲ ದುಡಿದವರು ವಸಂತ ಮೂನ್. ಶಾಸನಸಭೆಯ ಭಾಷಣಗಳಿಗೇ ಅದರಲ್ಲಿ ಒಂದು ಸಂಪುಟ ಮೀಸಲಾಗಿದೆ, ಮಾಲಿಕೆ ಕನ್ನಡಕ್ಕೂ ಬಂದಿದೆ, ಬೆಲೆ ಸಾಮಾನ್ಯರ ಕೈಗೆಟಕುವಷ್ಟಿದೆ. ಒಬ್ಬ ಸಾರ್ವಜನಿಕ ವ್ಯಕ್ತಿಯ ಚದುರಿದ ಕಾಗದಗಳನ್ನು ಓದುಗನ ಮನೆ ಬಾಗಿಲಿಗೆ ತಂದುಕೊಡುವ ಕೆಲಸ ಹೇಗಿರಬೇಕೆಂಬುದಕ್ಕೆ ಇದು ಮಾದರಿ. ಕಂಬಳಿಯವರಿಗಾಗಲಿ ಗಂಗಾಧರರಾಯರಿಗಾಗಲಿ ಅಂಥ ಭಾಗ್ಯ ಒದಗಿಬಂದಿಲ್ಲ.

ಇನ್ನು ಮೂರನೆಯ ಬಗೆ, ಖಾಸಗಿ ಕಾಗದಗಳು: ಪತ್ರ, ದಿನಚರಿ, ಭಾಷಣದ ಕೈಬರಹದ ಟಿಪ್ಪಣಿ, ಖರ್ಚಿನ ಚೀಟಿ. ಇವುಗಳಿಗಾಗಿ ಪುಣೆಗೆ ಹೋಗುವವರು ಒಂದು ವಿಚಿತ್ರವನ್ನು ತಿಳಿದಿರಬೇಕು. ಗೋಪಾಲಕೃಷ್ಣ ಗೋಖಲೆಯವರು ಬದುಕಿ ಬಾಳಿದ್ದು ಪುಣೆಯಲ್ಲಿ, 1905ರ ಜೂನ್ 12ರಂದು ಭಾರತ ಸೇವಕ ಸಮಾಜವನ್ನು ಕಟ್ಟಿದ್ದು ಪುಣೆಯಲ್ಲಿ, ಅವರ ಹೆಸರಿನ ಅರ್ಥಶಾಸ್ತ್ರ ಸಂಸ್ಥೆ 1930ರಲ್ಲಿ ಹುಟ್ಟಿದ್ದೂ ಪುಣೆಯಲ್ಲಿ; ಆದರೆ ಅವರ ಪತ್ರಗಳ ಸಂಗ್ರಹ ಇರುವುದು ದೆಹಲಿಯ ರಾಷ್ಟ್ರೀಯ ಪತ್ರಾಗಾರದಲ್ಲಿ. ನಮ್ಮವರದೂ ಅದೇ ಕಥೆ. ಕಾಂಗ್ರೆಸ್ಸಿನ ಸ್ವಯಂಸೇವಕ ಪಡೆಯಾದ ಹಿಂದೂಸ್ತಾನಿ ಸೇವಾದಳವನ್ನು ಕಟ್ಟಿದ ಹುಬ್ಬಳ್ಳಿಯ ಡಾ. ನಾ. ಸು. ಹರ್ಡೀಕರರ ಕಾಗದಗಳನ್ನು ಓದಬೇಕಾದವರು ತೀನ್ ಮೂರ್ತಿಯ ನೆಹರು ಗ್ರಂಥಾಲಯಕ್ಕೆ, ಅಂದರೆ 2023ರಿಂದ ಪ್ರಧಾನಮಂತ್ರಿಗಳ ಸಂಗ್ರಹಾಲಯ ಎಂಬ ಹೆಸರಿನ ಸಂಸ್ಥೆಗೆ, ಹೋಗಬೇಕು. ದೆಹಲಿಗೆ ಹೋದದ್ದು ಕೆಟ್ಟದ್ದಾಯಿತೆಂದು ನಾನು ಹೇಳಲಾರೆ. ಗೆದ್ದಲು, ಸೋರುವ ಮಾಡು, ಹಂಚಿಕೊಂಡ ಮನೆ, ಇವುಗಳಿಂದ ಪಾರಾಗಿ ಅವು ಉಳಿದಿವೆ. ಹುಬ್ಬಳ್ಳಿಯ ಕಾಲೇಜು ಉಪನ್ಯಾಸಕರೊಬ್ಬರಿಗೆ ಅವನ್ನು ನೋಡಲು ತಗಲುವ ಖರ್ಚು ಮಾತ್ರ ಅವರ ಒಂದು ತಿಂಗಳ ಸಂಬಳಕ್ಕೆ ಕತ್ತರಿ ಹಾಕುವಂಥದ್ದು.

ಹಾಗಾದರೆ ಪುಣೆಯಲ್ಲಿ ಏನಿದೆ? ಫರ್ಗ್ಯುಸನ್ ಕಾಲೇಜಿನ ಹತ್ತಿರದಲ್ಲೇ ಇರುವ ಗೋಖಲೆ ಸಂಸ್ಥೆಯ ಧನಂಜಯರಾವ್ ಗಾಡ್ಗೀಳ್ ಗ್ರಂಥಾಲಯವನ್ನು ನಾನು ಸಂತೋಷದಿಂದ ಶಿಫಾರಸು ಮಾಡುತ್ತೇನೆ. ಆಲೂರು ವೆಂಕಟರಾಯರು ಫರ್ಗ್ಯುಸನ್‌ನಲ್ಲಿ ಓದುತ್ತಿದ್ದ ಕಾಲಕ್ಕೆ ಈ ಸಂಸ್ಥೆ ಇರಲಿಲ್ಲ. ಆದರೆ ಆ ಕಾಲದ ಪುಣೆ ಓದುತ್ತಿದ್ದ ವರದಿಗಳು, ಭಾಷಣ ಸಂಕಲನಗಳು, ಸಮ್ಮೇಳನದ ನಡವಳಿಗಳು ಇಲ್ಲಿ ಹೇರಳವಾಗಿವೆ. ಮುಖ್ಯವಾದ ಮಾತೆಂದರೆ, ಹಕ್ಕುಸ್ವಾಮ್ಯ ಮುಗಿದ ಹಳೆಯ ಪುಸ್ತಕಗಳನ್ನು ಅವರು ಸ್ಕ್ಯಾನ್ ಮಾಡಿ ಅಂತರ್ಜಾಲದಲ್ಲಿ ಉಚಿತವಾಗಿ ಇರಿಸಿದ್ದಾರೆ. ಡೊಂಬಿವಿಲಿಯ ಮನೆಯಲ್ಲಿ ಕುಳಿತು, ರಾತ್ರಿ ಊಟವಾದ ಮೇಲೆ, ಒಂದು ಶತಮಾನದ ಹಿಂದಿನ ಪ್ರಾಂತಿಕ ಪರಿಷತ್ತಿನ ಅಧ್ಯಕ್ಷ ಭಾಷಣವನ್ನು ಓದಲು ಸಾಧ್ಯವಾಗಿರುವುದು ಇಂಥ ಕೆಲಸದಿಂದ. ಗೋಖಲೆಯವರ ಭಾಷಣಗಳೇ ಬೇಕೆಂದರೆ ಪುಣೆಯ ಡೆಕ್ಕನ್ ಸಭಾ 1960ರ ದಶಕದಲ್ಲಿ ಸಿದ್ಧಪಡಿಸಿದ ಮೂರು ಸಂಪುಟಗಳಿವೆ.

ನಾರಾಯಣ ಪೇಠೆಯ ಕೇಸರಿವಾಡೆಯಲ್ಲಿ ತಿಲಕರ ವಸ್ತುಸಂಗ್ರಹಾಲಯವಿದೆ. 1881ರಿಂದ ನಡೆದು ಬಂದ ‘ಕೇಸರಿ’ ಪತ್ರಿಕೆಯ ಮನೆಯೂ ಅದೇ ಆದ್ದರಿಂದ ಅದಕ್ಕೆ ಬೇರೆಡೆ ಇಲ್ಲದ ಮಹತ್ವ. ಬೆಳಗಾವಿ, ಧಾರವಾಡಗಳ ರಾಷ್ಟ್ರೀಯ ಮುಖಂಡರೆಲ್ಲ ಒಂದು ಕಾಲಕ್ಕೆ ಪುಣೆಯ ಈ ವಾಡೆಯ ಕಡೆಗೆ ಮುಖ ಮಾಡಿದ್ದವರೇ. ಪುಣೆಯಲ್ಲಿ ಪೇಶ್ವೆಗಳ ಕಾಲದ ದಾಖಲೆಗಳಿರುವ ಪೇಶ್ವೆ ದಫ್ತರ, 1910ರಲ್ಲಿ ಸ್ಥಾಪಿತವಾದ ಭಾರತ ಇತಿಹಾಸ ಸಂಶೋಧಕ ಮಂಡಳ ಇವೆರಡನ್ನೂ ಈ ಬರಹದಲ್ಲಿ ಹೆಚ್ಚು ಎಳೆಯುವುದಿಲ್ಲ. ಅವುಗಳ ಬಹುಪಾಲು ಕಾಗದ ಮರಾಠಿಯ ಹಳೆಯ ಕೂಡುಬರಹವಾದ ಮೋಡಿ ಲಿಪಿಯಲ್ಲಿದೆ. ಮೋಡಿ ಬಾರದವರಿಗೆ ಕಾಗದ ಕಟ್ಟಿಟ್ಟ ರುಮಾಲುಗಳ ಬಣ್ಣ ನೋಡಿ ಬರುವುದಷ್ಟೇ ಆಗುತ್ತದೆ. ಪಣಜಿಯ ಪತ್ರಾಗಾರವೂ ಹಾಗೆಯೇ. 1595ರಷ್ಟು ಹಳೆಯದಾದ ಆ ಸಂಸ್ಥೆಯಲ್ಲಿ ಪೋರ್ಚುಗೀಸರು ನೆರೆಯ ಅರಸರೊಡನೆ ನಡೆಸಿದ ಪತ್ರವ್ಯವಹಾರದ ಪುಸ್ತಕಗಳಿವೆ, ಇಕ್ಕೇರಿ ಸೋದೆ ಅರಸುಮನೆತನಗಳ ಚರಿತ್ರೆ ಬರೆಯುವವರು ಅಲ್ಲಿಗೆ ಹೋಗದೆ ಆಗದು. ಆದರೆ ಪೋರ್ಚುಗೀಸ್ ಕಲಿತೇ ಹೋಗಬೇಕು.

ಖಾಸಗಿ ಟ್ರಸ್ಟುಗಳ ಕೈಯಲ್ಲಿರುವ ಸಂಗ್ರಹಗಳ ಬಗ್ಗೆ ನನ್ನ ಅಭಿಪ್ರಾಯ ಅಷ್ಟು ಒಳ್ಳೆಯದಲ್ಲ. ಇದೇ ಪ್ರದೇಶದ ಒಂದು ಟ್ರಸ್ಟ್ ತನ್ನ ಸಂಸ್ಥಾಪಕರ ಪತ್ರಗಳನ್ನು ಕಾಪಾಡಿಕೊಂಡು ಬಂದಿದೆ. ಹೆಸರು ಬೇಡ, ಏಕೆಂದರೆ ಅದು ಒಂದೇ ಸಂಸ್ಥೆಯ ದೋಷವಲ್ಲ. ಅಲ್ಲಿ ಪರಿಚಯ ಪತ್ರ ಕೇಳಿದರು, ಕೊಟ್ಟೆ. ವಿಶ್ವಸ್ತರ ಸಭೆಯ ಒಪ್ಪಿಗೆ ಬೇಕೆಂದರು, ಕಾದೆ. ಒಪ್ಪಿಗೆ ಬಂದ ಮೇಲೆ ಕಪಾಟಿನ ಕೀಲಿ ಇರುವ ಹಿರಿಯರು ಮಗಳ ಮನೆಗೆ ಹೋಗಿದ್ದರು. ಇವೆಲ್ಲ ಸಹಿಸಬಹುದಾದವು, ಸಂಬಳದ ಸಿಬ್ಬಂದಿಯಿಲ್ಲದ ಕಡೆ ಇನ್ನೇನಾದೀತು? ಸಹಿಸಲಾಗದ್ದು ಕಪಾಟು ತೆರೆದ ಮೇಲೆ ಕಂಡದ್ದು. ಗಾಂಧೀಜಿ, ನೆಹರು, ರಾಜಾಜಿಯವರ ಸಹಿ ಇದ್ದ ಪತ್ರಗಳನ್ನೆಲ್ಲ ಬೇರ್ಪಡಿಸಿ, ಪ್ಲಾಸ್ಟಿಕ್ ಹಾಳೆಯೊಳಗೆ ಕಾಯಿಸಿ ಅಂಟಿಸಿ, ಒಂದು ಆಲ್ಬಮ್ ಮಾಡಿದ್ದರು. ಹಳ್ಳಿಯ ಕಾರ್ಯಕರ್ತರು, ಜೈಲಿನ ಸಂಗಾತಿಗಳು, ಸಾಲ ಕೇಳಿದವರು, ಬೈದವರು ಬರೆದ ಪತ್ರಗಳೆಲ್ಲ ಒಂದು ಗೋಣಿಚೀಲದಲ್ಲಿದ್ದವು.

ಇದರಿಂದ ಎರಡು ಬಗೆಯ ಹಾನಿ. ಪ್ಲಾಸ್ಟಿಕ್ಕಿನಲ್ಲಿ ಬಿಸಿಯಿಂದ ಅಂಟಿಸಿದ ಹಾಳೆಯನ್ನು ಮತ್ತೆ ಬಿಡಿಸಲು ಬರುವುದಿಲ್ಲ. ಒಳಗಿನ ಕಾಗದದ ಹುಳಿ ಒಳಗೇ ಉಳಿದು ಅದನ್ನು ತಿನ್ನುತ್ತ ಹೋಗುತ್ತದೆ. ಸೆಲ್ಲೋಟೇಪು ಅಂಟಿಸಿದ ಕಡೆ ಕೆಲವು ವರ್ಷಗಳಲ್ಲಿ ಅಂಟು ಹಳದಿಗಟ್ಟಿ ಅಕ್ಷರವನ್ನೇ ನುಂಗುತ್ತದೆ. ಎರಡನೆಯ ಹಾನಿ ಕಣ್ಣಿಗೆ ಕಾಣದಂಥದ್ದು. ಆ ಮುಖಂಡರು ತಮ್ಮ ಪತ್ರಗಳನ್ನು ಒಂದು ಕ್ರಮದಲ್ಲಿ ಕಟ್ಟಿಟ್ಟಿದ್ದಿರಬೇಕು: ಈ ಸತ್ಯಾಗ್ರಹಕ್ಕೆ ಸಂಬಂಧಿಸಿದ್ದು ಈ ಕಟ್ಟು, ಈ ಚುನಾವಣೆಯದು ಆ ಕಟ್ಟು ಎಂದು. ದೆಹಲಿಯಿಂದ ಬಂದ ಎರಡು ಸಾಲಿನ ಪತ್ರಕ್ಕೆ ಅರ್ಥ ಬರುತ್ತಿದ್ದುದು ಅದರ ಮೇಲೂ ಕೆಳಗೂ ಇದ್ದ ಹಳ್ಳಿಯ ಪತ್ರಗಳಿಂದ. ಪ್ರಸಿದ್ಧಿಯನ್ನು ನೋಡಿ ಆರಿಸಿದಾಗ ಆ ಕ್ರಮ ಕೆಟ್ಟುಹೋಯಿತು. ಉಳಿದದ್ದು ಸಹಿಗಳ ಪ್ರದರ್ಶನ. ಸರ್ಕಾರದ ಪತ್ರಾಗಾರದಲ್ಲಿ ಇಲಾಖೆ, ವರ್ಷ ಎಂಬ ಒಣ ಕ್ರಮವನ್ನು ಕಂಡು ಬೇಸರಪಟ್ಟವರಿಗೆ ಅದರ ಬೆಲೆ ಇಂಥ ಆಲ್ಬಮ್ ನೋಡಿದಾಗ ತಿಳಿಯುತ್ತದೆ.

ಬಳಕೆಯ ಕೆಲವು ಸಂಗತಿಗಳು. ಎಲ್ಲಿಗೆ ಹೋಗುವುದಿದ್ದರೂ ಗುರುತಿನ ಚೀಟಿಯ ಜೊತೆಗೆ ಕಾಲೇಜಿನದೋ ಸಂಸ್ಥೆಯದೋ ಪರಿಚಯ ಪತ್ರ ಇರಲಿ. ಸಂಸ್ಥೆಯ ಬೆಂಬಲವಿಲ್ಲದ ಹವ್ಯಾಸಿ ಓದುಗರು ತಮ್ಮ ಊರಿನ ಕನ್ನಡ ಸಂಘದ ಪತ್ರವನ್ನಾದರೂ ಒಯ್ದು, ಅದು ನಡೆಯುವುದೇ

ಎಂದು ಮೊದಲೇ ವಿಚಾರಿಸಿಕೊಳ್ಳಬೇಕು. ಪೆನ್ನಿನ ಬದಲು ಪೆನ್ಸಿಲ್ ಒಯ್ಯಬೇಕು. ಮೊಬೈಲಿನಲ್ಲಿ ಚಿತ್ರ ತೆಗೆಯುವ ನಿಯಮ ಒಂದೊಂದು ಕಡೆ ಒಂದೊಂದು ರೀತಿ, ಕೇಳದೆ ತೆಗೆಯಬಾರದು. ಮಳೆಗಾಲದಲ್ಲಿ ಮುಂಬೈಯ ತೇವಕ್ಕೆ ಹಳೆಯ ಕಾಗದ ಮೆತ್ತಗಾಗಿರುತ್ತದೆ, ಪುಟ ತಿರುವುವಾಗ ಮೂಲೆ ಕೈಗೆ ಬರುತ್ತದೆ. ಅವಸರದವರು ಆ ತಿಂಗಳುಗಳನ್ನು ಬಿಟ್ಟು ಹೋಗುವುದು ಲೇಸು.

ಪ್ರಕಟಿಸುವ ಉದ್ದೇಶವಿದ್ದರೆ ಹಕ್ಕುಸ್ವಾಮ್ಯದ ಲೆಕ್ಕವನ್ನೂ ಹಾಕಬೇಕು. ಪತ್ರದ ಕಾಗದ ಯಾರ ಕಪಾಟಿನಲ್ಲೇ ಇರಲಿ, ಅದರಲ್ಲಿನ ಬರಹದ ಹಕ್ಕು ಬರೆದವರದು ಮತ್ತು ಅವರ ವಾರಸುದಾರರದು. ಭಾಷಣದ ಹಕ್ಕು ಸಾಮಾನ್ಯವಾಗಿ ಅದನ್ನು ಮಾಡಿದವರದು. ಲೇಖಕರ ಜೀವಿತಕಾಲದಲ್ಲಿ ಪ್ರಕಟವಾದ ಬರಹದ ಹಕ್ಕು ಅವರು ತೀರಿಕೊಂಡ ಮೇಲೆ 60 ವರ್ಷ ನಡೆಯುತ್ತದೆ. 1960ರಲ್ಲಿ ತೀರಿಕೊಂಡ ಗಂಗಾಧರರಾವ್ ದೇಶಪಾಂಡೆಯವರದೂ 1964ರಲ್ಲಿ ತೀರಿಕೊಂಡ ಆಲೂರರದೂ ಅಂಥ ಬರಹಗಳು ಈಗ ಎಲ್ಲರವು. 1975ರಲ್ಲಿ ತೀರಿಕೊಂಡ ಹರ್ಡೀಕರರದಕ್ಕೆ 2035 ಮುಗಿಯಬೇಕು, 1990ರಲ್ಲಿ ತೀರಿಕೊಂಡ ಸ್ವಾತಂತ್ರ್ಯ ಹೋರಾಟಗಾರ ರಂಗನಾಥ ದಿವಾಕರರದಕ್ಕೆ 2050. ಅಪ್ರಕಟಿತ ಪತ್ರಗಳ ನಿಯಮ ಇನ್ನೂ ಸೂಕ್ಷ್ಮವಾದ್ದರಿಂದ, ಅವುಗಳನ್ನು ಇಡಿಯಾಗಿ ಅಚ್ಚು ಹಾಕುವ ಮೊದಲು ತಿಳಿದವರನ್ನು ಕೇಳಬೇಕು. ಓದಿ, ಟಿಪ್ಪಣಿ ಮಾಡಿಕೊಂಡು, ಅಗತ್ಯವಿದ್ದಷ್ಟು ಉದ್ಧರಿಸುವುದಕ್ಕೆ ಯಾರೂ ಅಡ್ಡಿ ಮಾಡುವುದಿಲ್ಲ.

ನನ್ನ ಶಿಫಾರಸಿನ ಕ್ರಮ ಹೀಗೆ: ಮೊದಲು ಗೋಖಲೆ ಸಂಸ್ಥೆಯ ಅಂತರ್ಜಾಲ ಭಂಡಾರ ಮತ್ತು ಅಚ್ಚಾದ ಆಕರ ಸಂಪುಟಗಳು, ಆಮೇಲೆ ಶಾಸನಸಭೆಯ ನಡವಳಿಗಳು, ಹೆಸರು ತಾರೀಕುಗಳು ಕೈಗೆ ಬಂದ ಮೇಲೆ ಕಾಲಾ ಘೋಡಾ, ಹಣ ಸಮಯಗಳಿದ್ದರೆ ದೆಹಲಿ. ತಲೆಕೆಳಗು ಮಾಡಿದವರು ಕಡತಗಳ ನಡುವೆ ಕಳೆದುಹೋಗುತ್ತಾರೆ. ಶಾಲೆ ಕಾಲೇಜಿನ ಮಕ್ಕಳನ್ನು ಒಮ್ಮೆ ಸುತ್ತಾಡಿಸಿ ತರುವವರಿಗೆ ಇವುಗಳಲ್ಲಿ ಯಾವುದೂ ಹೇಳಿ ಮಾಡಿಸಿದ್ದಲ್ಲ, ಕೇಸರಿವಾಡೆಯೊಂದನ್ನು ಬಿಟ್ಟು.

ಮಾಟುಂಗಾ, ಮಾಹಿಮ್, ಫೋರ್ಟ್ ಕಡೆಯ ನಮ್ಮ ಹಳೆಯ ಕನ್ನಡ ಸಂಸ್ಥೆಗಳಿಗೂ ಇಲ್ಲಿ ಒಂದು ಮಾತು ಸಲ್ಲುತ್ತದೆ. ಮೈಸೂರು ಅಸೋಸಿಯೇಷನ್ 1926ರದು, ಕರ್ನಾಟಕ ಸಂಘ 1933ರದು. ಏಕೀಕರಣದ ಕಾಲದಲ್ಲಿ ಊರಿನಿಂದ ಬಂದ ಮುಖಂಡರು ಮುಂಬೈಯ ಕನ್ನಡಿಗರ ಮುಂದೆ ಮಾತಾಡಿದ ಸಭೆಗಳ ಆಮಂತ್ರಣ, ವರದಿ, ಧನ್ಯವಾದದ ಪತ್ರ, ನೆನಪಿನ ಸಂಚಿಕೆಗಳು ಇಂಥ ಸಂಸ್ಥೆಗಳಲ್ಲೂ ಹಳೆಯ ಸದಸ್ಯರ ಮನೆಗಳಲ್ಲೂ ಇರುವ ಸಂಭವ ಹೆಚ್ಚು. ಕಟ್ಟಡ ಪುನರ್ನಿರ್ಮಾಣಕ್ಕೆ ಹೋಗುವಾಗ ಮೊದಲು ರದ್ದಿಗೆ ಬೀಳುವುದು ಇಂಥ ಪೆಟ್ಟಿಗೆಗಳೇ. ಕೊಡಲು ಮನಸ್ಸುಳ್ಳವರು ಆರಿಸಬಾರದು, ಅಂಟಿಸಬಾರದು, ಪಿನ್ನು ತುಕ್ಕು ಹಿಡಿದಿದ್ದರೆ ಅದನ್ನಷ್ಟೇ ಮೆಲ್ಲಗೆ ತೆಗೆದು ಕಟ್ಟನ್ನು ಇದ್ದ ಹಾಗೆಯೇ ಬಿಡಬೇಕು. ಪ್ರತಿ ಪೆಟ್ಟಿಗೆ ಯಾರ ಮನೆಯಿಂದ ಬಂತೆಂದು ಒಂದು ಚೀಟಿಯಲ್ಲಿ ಬರೆದು ಒಳಗಿಡಬೇಕು. ಪಡೆಯುವ ಸಂಸ್ಥೆಯಿಂದ ಎರಡು ಷರತ್ತುಗಳನ್ನು ಕಾಗದದ ಮೇಲೆ ಬರೆಸಿಕೊಳ್ಳುವುದೂ ಅಗತ್ಯ: ಸಂಗ್ರಹವನ್ನು ಒಡೆದು ಹಂಚಬಾರದು, ಮತ್ತು ಇಂತಿಷ್ಟು ವರ್ಷಗಳೊಳಗೆ ಅದರ ಪಟ್ಟಿ ಸಿದ್ಧಪಡಿಸಿ ಓದುಗರಿಗೆ ತೆರೆಯಬೇಕು.